ರೊಟ್ಟಿ ಬಡಿದ ರಟ್ಟೆಯ ನೋವು

ನೋವು ಮೊದಲು ಬಂದದ್ದು ಎಡರಟ್ಟೆಗೆ. ಎಳ್ಳ ಅಮಾವಾಸ್ಯೆಗೆಂದು ಸಜ್ಜೆ ರೊಟ್ಟಿ ಬಡಿಯುತ್ತ ಒಲೆಯ ಮುಂದೆ ಕೂತಿದ್ದೆ. ಹೊಲಕ್ಕೆ ಒಯ್ಯಲು, ನೆಂಟರಿಗೆ ಹಂಚಲು, ಒಣಗಿಸಿ ಇಡಲು ಎಂದು ನಮ್ಮ ಕಡೆ ಆ ಹಬ್ಬಕ್ಕೆ ಮನೆಮನೆಯಲ್ಲೂ ರೊಟ್ಟಿಯ ರಾಶಿ ಏಳುತ್ತದೆ. ಆ ರಾಶಿಯನ್ನು ಏಳಿಸುವ ರಟ್ಟೆಗಳು ನೋಯುತ್ತವೆ. ಇದರಲ್ಲಿ ಹೊಸ ಸುದ್ದಿಯೇನೂ ಇಲ್ಲ. ಸೇಡಂನ ನಮ್ಮ ಓಣಿಯಲ್ಲಿ ರಟ್ಟೆ ನೋಯದ ಹೆಂಗಸು ಇದ್ದರೆ ಅವಳ ಮನೆಯಲ್ಲಿ ರೊಟ್ಟಿಗೆ ಬೇರೆ ಆಳು ಇದ್ದಾಳೆ ಎಂದೇ ಅರ್ಥ.

ಹಾಗಾಗಿ ನನ್ನ ನೋವನ್ನು ನಾನೂ ನಂಬಲಿಲ್ಲ, ಮನೆಯವರೂ ನಂಬಲಿಲ್ಲ. ಪಕ್ಕದ ಮನೆಯ ಶಾಂತಮ್ಮ ತನ್ನ ರಟ್ಟೆ ಮುಂದೆ ಚಾಚಿ, ನನ್ನದು ಇದಕ್ಕಿಂತ ಜೋರಾಗಿದೆ ಎಂದು ಪೈಪೋಟಿಗೆ ಇಳಿದಳು. ಅತ್ತೆ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯ ಬಟ್ಟಲನ್ನು ನನ್ನತ್ತ ಸರಿಸಿ, ತಿಕ್ಕಿಕೊಂಡು ಉಳಿದ ಹಿಟ್ಟು ಮುಗಿಸು ಎಂದರು. ತಿಕ್ಕಿಕೊಂಡೆ, ಮುಗಿಸಿದೆ. ನೋವು ದವಡೆಗೆ ಏರಿದಾಗ ಹಲ್ಲಿನದು ಎಂದುಕೊಂಡೆ. ಆ ಚಳಿಯಲ್ಲಿ ಕುಪ್ಪಸ ತೊಯ್ಯುವಷ್ಟು ಬೆವರು ಬಂದಾಗ ಒಲೆಯ ಝಳ ಎಂದುಕೊಂಡೆ. ನಾನು ಸರಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಕೂಡಿಸಬೇಕಾದದ್ದನ್ನು ಕೂಡಿಸದೆ ಬಿಟ್ಟ ಮಕ್ಕಳಿಗೆ ದಿನವೂ ಬೈಯುತ್ತೇನೆ. ನನ್ನ ಮೈ ಕೊಟ್ಟ ಲೆಕ್ಕವನ್ನು ಕೂಡಿಸುವುದು ನನಗೇ ಆಗಲಿಲ್ಲ.

ಹಬ್ಬದ ದಿನ ಹೊಲದಲ್ಲಿ ಎಲ್ಲರ ಜೊತೆ ಕೂತು ಭಜ್ಜಿ ಪಲ್ಯ ಬಡಿಸಿದೆ. ತಿಂದದ್ದೆಲ್ಲ ವಾಂತಿಯಾಯಿತು. ನೆದರು ತಾಗಿದೆ ಎಂದು ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲವಂತೆ, ಹಾಗಾದರೆ ನೆದರು ಭಾರಿಯದೇ ಇರಬೇಕು ಎಂದು ಎಲ್ಲರಿಗೂ ಸಮಾಧಾನವಾಯಿತು. ಮರುದಿನ ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಕೈಯಲ್ಲಿದ್ದ ಖಡು ಜಾರಿ ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದವಳು ಮೇಲೆ ಏಳಲಿಲ್ಲ.

ಹೆಡ್‌ಮಾಸ್ತರರು ತಮ್ಮ ಕಾರಿನಲ್ಲೇ ಊರಿನ ದವಾಖಾನೆಗೆ ಒಯ್ದರು. ಇಸಿಜಿ ಕಾಗದ ನೋಡಿದ ಡಾಕ್ಟರು ಕೂಡಲೇ ಕಲಬುರಗಿಗೆ ಹೋಗಿ ಎಂದರು. ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ನನ್ನನ್ನು ಸ್ಟ್ರೆಚರಿನ ಮೇಲೆ ಗೋಡೆಗೆ ಒತ್ತಿ ನಿಲ್ಲಿಸಿದ್ದರು. ಎದುರಿಗೆ ಕಾಯುವವರ ಬೆಂಚು. ಬೆಂಚಿನ ತುಂಬ ಗಂಡಸು ರೋಗಿಗಳು, ಅವರ ಪಕ್ಕದಲ್ಲಿ ಫೈಲು ಹಿಡಿದ ಹೆಂಡಂದಿರು. ಮಲಗಿದ್ದವಳು ನಾನೊಬ್ಬಳೇ ಹೆಂಗಸು. ಶಹಾಬಾದಿನಿಂದ ಬಂದಿದ್ದ ಒಬ್ಬ ಹೆಂಗಸು ನನ್ನನ್ನು ಬಹಳ ಹೊತ್ತು ನೋಡಿ, ಈ ಬ್ಯಾನಿ ಹೆಂಗಸರಿಗೂ ಬರುತ್ತದೆಯೇ ಎಂದು ನನ್ನ ಗಂಡನನ್ನು ಕೇಳಿದಳು. ನಾನು ಯಾರದ್ದೋ ಹಕ್ಕಿನ ಜಾಗದಲ್ಲಿ ಮಲಗಿದ್ದೇನೆ ಅನ್ನುವ ಹಾಗಿತ್ತು ಅವಳ ದನಿ.

ಡಾಕ್ಟರೂ ನನ್ನ ಮೇಲಿಂದ ನನ್ನ ಗಂಡನ ಜೊತೆಗೇ ಮಾತಾಡಿದರು. ರಕ್ತನಾಳ ಕಟ್ಟಿಕೊಂಡಿದೆ, ಸ್ಟೆಂಟ್ ಹಾಕಬೇಕು, ತಡವಾಗಿ ಬಂದಿದ್ದೀರಿ. ನನ್ನ ಗಂಡ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವರು, ಯಂತ್ರ ಕೆಟ್ಟಾಗ ಹೇಗೆ ನಿಲ್ಲುತ್ತಾರೋ ಹಾಗೆ ಕೈಕಟ್ಟಿ ನಿಂತು ಎಲ್ಲದಕ್ಕೂ ಹೂಂ ಅಂದರು. ನನ್ನ ಕಡೆ ತಿರುಗಿ, ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಹೇಳಿದ್ದೆ. ಹೇಳಿದಾಗ ಅವರು ಬಿಸಿ ರೊಟ್ಟಿ ತಿನ್ನುತ್ತಿದ್ದರು.

ಒಳಗೆ ಒಯ್ಯುವ ಮುಂಚೆ ಮೈಮೇಲಿನದೆಲ್ಲ ತೆಗೆಯಬೇಕು ಎಂದರು. ಬಳೆ, ತಾಳಿ, ಕಿವಿಯೋಲೆ ತೆಗೆದು ಕೊಟ್ಟೆ. ಕೊರಳಲ್ಲಿನ ಲಿಂಗ ತೆಗೆಯಲು ಮಾತ್ರ ಕೈ ಬರಲಿಲ್ಲ. ನಾನು ದೊಡ್ಡ ಭಕ್ತಳೇನಲ್ಲ, ಅವಸರದಲ್ಲಿ ಪೂಜೆ ಮುಗಿಸಿ ಬಸ್ಸಿಗೆ ಓಡುವವಳು. ಆದರೆ ಹುಟ್ಟಿದಾಗ ಕಟ್ಟಿದ್ದು, ಮಣ್ಣಿಗೆ ಹೋಗುವಾಗಲೂ ಜೊತೆಗೆ ಇರಬೇಕಾದದ್ದು. ಅದನ್ನು ಈಗ ಬಿಚ್ಚಿದರೆ ಒಳಗಿನಿಂದ ಬರುವುದಿಲ್ಲ ಎಂದು ಹೆದರಿಕೆಯಾಯಿತು. ನರ್ಸು ನನ್ನ ಮುಖ ನೋಡಿ ತಾನೇ ಅದನ್ನು ಬೆಳ್ಳಿಯ ಕರಡಿಗೆಯಿಂದ ಬಿಡಿಸಿ, ಹತ್ತಿಬಟ್ಟೆಯಲ್ಲಿ ಸುತ್ತಿ, ಎಡಗೈಯ ಅಂಗೈಗೆ ಪಟ್ಟಿ ಅಂಟಿಸಿ ಕಟ್ಟಿದಳು. ಇಡೀ ಆಸ್ಪತ್ರೆಯಲ್ಲಿ ನನಗೆ ಸಿಕ್ಕ ಕರುಣೆ ಅಷ್ಟೇ, ಮತ್ತು ಅದು ಸಾಕಾಯಿತು.

ಸ್ಟೆಂಟ್ ಹಾಕಿದ ಮೇಲೆ ವಾರ್ಡಿಗೆ ತಂದು ಮಲಗಿಸಿದರು. ನಿದ್ದೆ ಬಂದಿದೆ ಎಂದುಕೊಂಡು ಅತ್ತೆ ನನ್ನ ಕಾಲಬಳಿಯೇ ನಿಂತು ಮಗನಿಗೆ ಹೇಳುತ್ತಿದ್ದರು.

"ಎದಿ ಬ್ಯಾನಿ ಅಂತ ಯಾರ ಮುಂದನೂ ಅನಬ್ಯಾಡ. ಹುಡುಗಿ ಮದುವಿ ಆಗೋದದ. ತಾಯಿಗಿ ಬಂದದ್ದು ಮಗಳಿಗೂ ಬರ್ತದಂತ ಮಂದಿ ಹಿಂದ ಸರೀತಾರ. ಗರ್ಭಕೋಶ ತಗಸೀವಿ ಅಂತ ಹೇಳು. ಅದಕ್ಕ ಯಾರೂ ಏನೂ ಕೇಳಂಗಿಲ್ಲ."

ಅತ್ತೆಯ ಬುದ್ಧಿಗೆ ಆಗಲೇ ಕೈಮುಗಿಯಬೇಕೆನ್ನಿಸಿತು. ನಮ್ಮ ಸೀಮೆಯಲ್ಲಿ ನನ್ನ ವಯಸ್ಸಿನ ಹೆಂಗಸರಲ್ಲಿ ಗರ್ಭಕೋಶ ಉಳಿಸಿಕೊಂಡವರನ್ನು ಹುಡುಕಬೇಕು. ಅದು ಮರ್ಯಾದೆಯ ಕಾಯಿಲೆ. ಮಕ್ಕಳಾದ ಮೇಲೆ ಹೋದರೆ ಯಾರಿಗೂ ನಷ್ಟವಿಲ್ಲ. ಹೃದಯ ಹಾಗಲ್ಲ, ಅದು ಕೆಟ್ಟರೆ ಮನೆತನಕ್ಕೇ ಕೆಟ್ಟ ಹೆಸರು. ನನ್ನ ಮಗಳು ಸುವರ್ಣ ಚಿತ್ತಾಪುರದ ತಾಲೂಕು ಕಚೇರಿಯಲ್ಲಿ ಗುಮಾಸ್ತೆ, ದಿನಾ ರೈಲಿನಲ್ಲಿ ಹೋಗಿಬರುವವಳು. ಅವಳಿಗೆ ಆಗಷ್ಟೇ ಸಂಬಂಧ ನೋಡಲು ಶುರು ಮಾಡಿದ್ದೆವು. ನಾನೂ ಕಣ್ಣು ಮುಚ್ಚಿಕೊಂಡೇ ಒಪ್ಪಿಕೊಂಡೆ.

ಮನೆಗೆ ಬಂದ ಮೇಲೆ ಮಾತಾಡಿಸಲು ಬರುವವರ ಸಾಲು ಹತ್ತಿತು. ಎಲ್ಲರೂ ಹೊಟ್ಟೆಯ ಹೊಲಿಗೆ ಹೇಗಿದೆ ಎಂದು ಕೇಳುವವರೇ. ನಾನು ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಏಳುವುದನ್ನು, ಕೂರುವುದನ್ನು ಕಲಿತೆ. ಆದರೆ ಸುಳ್ಳಿಗೆ ತಕ್ಕ ಶಾಸ್ತಿ ಬಂದವರ ಕೈಯಲ್ಲೇ ಬಂತು. ಗರ್ಭಕೋಶ ತೆಗೆಸಿದವರ ಸೊಂಟಕ್ಕೆ ಶಕ್ತಿ ಬರಲೆಂದು ನಮ್ಮಲ್ಲಿ ಅಂಟಿನುಂಡೆ ತಿನ್ನಿಸುತ್ತಾರೆ. ತುಪ್ಪದಲ್ಲಿ ಹುರಿದ ಅಂಟು, ಒಣಕೊಬ್ಬರಿ, ಗೋಡಂಬಿ, ಮೇಲೆ ಮತ್ತೆ ತುಪ್ಪ. ಬಂದವರೆಲ್ಲ ಡಬ್ಬಿ ತುಂಬಿ ತಂದರು. ಬರೀ ತರಲಿಲ್ಲ, ಎದುರಿಗೆ ಕೂತು ತಿನ್ನಿಸಿದರು. ತಿನ್ನದಿದ್ದರೆ ಯಾಕೆ ಅನ್ನುತ್ತಾರೆ ಎಂದು ಅತ್ತೆ ಬಾಗಿಲಲ್ಲಿ ನಿಂತು ಕಣ್ಣು ಮಾಡುತ್ತಿದ್ದರು. ಎಣ್ಣೆ, ತುಪ್ಪ, ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಬರೆದುಕೊಟ್ಟ ಚೀಟಿ ತಲೆದಿಂಬಿನ ಕೆಳಗೆ, ಬಾಯಲ್ಲಿ ಅಂಟಿನುಂಡೆ. ನನ್ನನ್ನು ಪ್ರೀತಿಯಿಂದ ಸಾಯಿಸಲು ಇಡೀ ಓಣಿ ಒಂದಾಗಿತ್ತು.

ಉಪ್ಪಿನದು ಇನ್ನೊಂದು ಕತೆ. ಜೋಳದ ರೊಟ್ಟಿಗೆ ಉಪ್ಪು ಹಾಕುವುದಿಲ್ಲವಲ್ಲ, ಹಾಗಾಗಿ ನಾವು ಉಪ್ಪು ತಿನ್ನದ ಮಂದಿ ಎಂಬ ಭ್ರಮೆಯಲ್ಲಿದ್ದೆ. ಆ ಸಪ್ಪೆ ರೊಟ್ಟಿ ಗಂಟಲಲ್ಲಿ ಇಳಿಯಲೆಂದು ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಉಪ್ಪಿನಕಾಯಿ, ಕೆಂಪು ಖಾರ ಎಷ್ಟು ಬೇಕಾಗುತ್ತದೆ ಎಂದು ಯೋಚಿಸಿದವಳೇ ಅಲ್ಲ. ಅವನ್ನೆಲ್ಲ ಬಿಟ್ಟು ಸೊಪ್ಪು, ಬೇಳೆ, ಮೊಸರಿನ ಜೊತೆ ರೊಟ್ಟಿ ತಿನ್ನಲು ಶುರು ಮಾಡಿದೆ. ಮೊದಲ ದಿನಗಳಲ್ಲಿ ಅಳು ಬರುತ್ತಿತ್ತು. ಇದು ಉತ್ಪ್ರೇಕ್ಷೆಯಲ್ಲ, ಊಟದ ತಟ್ಟೆಯ ಮುಂದೆ ಕೂತು ನಿಜವಾಗಿ ಅತ್ತಿದ್ದೇನೆ. ಅತ್ತೆ ನನ್ನ ಪಲ್ಯದ ಪಾತ್ರೆಗೆ ದವಾಖಾನೆಯ ಗಡಿಗೆ ಎಂದು ಹೆಸರಿಟ್ಟು, ಅದರ ಸೌಟು ತಮ್ಮ ಪಾತ್ರೆಗೆ ತಾಗದಂತೆ ದೂರ ಇಡುತ್ತಿದ್ದರು.

ಎಲ್ಲಕ್ಕಿಂತ ಕಷ್ಟವಾದದ್ದು ನಡೆಯುವುದು. ದಿನಾ ಬಿರುಸಾಗಿ ನಡೆಯಿರಿ ಎಂದು ಡಾಕ್ಟರು ಎಷ್ಟು ಸುಲಭವಾಗಿ ಹೇಳಿಬಿಟ್ಟರು. ಸೇಡಂನಲ್ಲಿ ಹೆಂಗಸು ಬರಿಗೈಯಲ್ಲಿ ನಡೆದರೆ ಎದುರು ಬಂದವರೆಲ್ಲ ನಿಂತು ಎಲ್ಲಿಗೆ ಎಂದು ಕೇಳುತ್ತಾರೆ. ಎಲ್ಲಿಗೂ ಇಲ್ಲ ಎಂದರೆ ಮನೆಯಲ್ಲಿ ಜಗಳವಾಗಿದೆ ಎಂದು ಊರಿಗೆಲ್ಲ ತಿಳಿಯುತ್ತದೆ. ನನ್ನ ಹಳೆಯ ವಿದ್ಯಾರ್ಥಿಗಳು ಬೈಕು ನಿಲ್ಲಿಸಿ, ಕೂಡ್ರಿ ಮೇಡಂ, ಬಿಡುತ್ತೇವೆ ಎಂದು ಕಾಡುತ್ತಿದ್ದರು. ಕೊನೆಗೆ ಒಂದು ಉಪಾಯ ಮಾಡಿದೆ. ಕೈಯಲ್ಲಿ ಖಾಲಿ ಹಾಲಿನ ಕ್ಯಾನ್ ಹಿಡಿದು ಹೊರಟೆ. ಹಾಲಿಗೆ ಹೊರಟವಳನ್ನು ಯಾರೂ ತಡೆಯುವುದಿಲ್ಲ. ಕಾಗಿಣಾ ಹೊಳೆಯ ಸೇತುವೆಯವರೆಗೆ ಖಾಲಿ ಕ್ಯಾನ್, ಅಲ್ಲಿಂದ ಮನೆಯವರೆಗೆ ಮತ್ತೆ ಖಾಲಿ ಕ್ಯಾನ್. ಸಿಮೆಂಟಿನ ಲಾರಿಗಳು ಎಬ್ಬಿಸಿದ ಧೂಳನ್ನು ಸೆರಗಿನಲ್ಲಿ ತಡೆದು ನಡೆಯುತ್ತ, ಬದುಕಿಕೊಳ್ಳಲು ಕಳ್ಳಿಯ ಹಾಗೆ ಅಡ್ಡಾಡಬೇಕಾಯಿತಲ್ಲ ಎಂದು ನನಗೆ ಸಿಟ್ಟು ಬರುತ್ತಿತ್ತು. ಆದರೂ ನಡೆದೆ. ಮೆಟ್ಟಿಲು ಹತ್ತುವಾಗಿನ ಏದುಸಿರು ಕಡಿಮೆಯಾಯಿತು, ಬೋರ್ಡಿನ ಮೇಲೆ ಎತ್ತರಕ್ಕೆ ಕೈ ಚಾಚಿ ಬರೆಯುವ ಧೈರ್ಯ ತಿರುಗಿ ಬಂತು.

ಅಷ್ಟರಲ್ಲಿ ಸುವರ್ಣಳಿಗೆ ಚಿಂಚೋಳಿಯ ಸಂಬಂಧ ಕೂಡಿಬಂತು. ಹುಡುಗ ಸರಕಾರಿ ನೌಕರಿಯವನು, ಮಾತು ಕಡಿಮೆ. ಇವಳಿಗೆ ಅವನು ಹಿಡಿಸಿದ್ದ. ಫೋನಿನಲ್ಲಿ ಅವನ ಜೊತೆ ಮಾತಾಡುವಾಗ ಅವಳ ದನಿ ಬೇರೆಯಾಗುತ್ತಿದ್ದದ್ದು ನನಗೆ ಕೇಳುತ್ತಿತ್ತು. ಅವನ ತಾಯಿ ಮಹಾದೇವಮ್ಮ ಕಟ್ಟುಮಸ್ತಾದ ಹೆಂಗಸು, ಯಾರನ್ನೂ ಮಾತಿನಲ್ಲಿ ಗೆಲ್ಲಗೊಡುವವಳಲ್ಲ. ನೋಡಲು ಬಂದ ದಿನವೇ ನಮ್ಮ ಮನೆಯಲ್ಲಿ ಯಾರಿಗಾದರೂ ಸಕ್ಕರೆ, ಬಿಪಿ, ಎದೆಯ ತೊಂದರೆ ಇದೆಯೇ ಎಂದು ಕೇಳಿದಳು. ಇಲ್ಲ ಎಂದು ಅತ್ತೆ ಹೇಳಿದರು. ಇವಳ ಗರ್ಭಕೋಶ ಒಂದು ತೆಗೆಸಿದ್ದೇವೆ, ಅಷ್ಟೇ ಎಂದರು. ಮಹಾದೇವಮ್ಮ ತನ್ನದನ್ನೂ ತೆಗೆಸಿದ್ದಾಗಿ ಹೇಳಿ ನನ್ನ ಕೈ ಹಿಡಿದು ನಕ್ಕಳು. ಯುಗಾದಿ ಕಳೆದ ಮೇಲೆ ಮದುವೆ ಎಂದು ಮಾತಾಯಿತು.

ಮತ್ತೆ ಎಳ್ಳ ಅಮಾವಾಸ್ಯೆ ಬಂತು. ಹುಡುಗನ ಮನೆಯವರ ಹೊಲ ಕೊಡ್ಲಿಯಲ್ಲಿದೆ. ಹಬ್ಬದೂಟಕ್ಕೆ ಬೀಗರನ್ನು ಹೊಲಕ್ಕೆ ಕರೆಯುವುದು ರೂಢಿ, ನಾವು ನಾಲ್ವರೂ ಹೋದೆವು. ತೊಗರಿಯ ನಡುವೆ ಬೇವಿನ ಮರದ ಕೆಳಗೆ ಜಮಖಾನೆ ಹಾಸಿದ್ದರು. ಹುಡುಗನ ತಂದೆ ಭೂಮಿತಾಯಿಗೆ ಎಡೆಯೆಂದು ಚರಗ ಚೆಲ್ಲಿ ಬಂದ ಮೇಲೆ ಊಟಕ್ಕೆ ಕೂತೆವು. ಮಹಾದೇವಮ್ಮ ಬಡಿಸಲು ಏಳುತ್ತಿದ್ದವಳು ಮತ್ತೆ ಮತ್ತೆ ಕೂರುತ್ತಿದ್ದಳು. ಬಲಗೈಯಿಂದ ಎಡರಟ್ಟೆ ಅಮುಕಿಕೊಳ್ಳುತ್ತಿದ್ದಳು. ಒಮ್ಮೆ ದವಡೆ ಹಿಡಿದುಕೊಂಡಳು. ಗಾಳಿ ತಣ್ಣಗಿತ್ತು, ಅವಳ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿದಿತ್ತು.

ನನ್ನ ಕೈಯ ತುತ್ತು ಅಲ್ಲೇ ನಿಂತಿತು. ನೋವೇನಾದರೂ ಇದೆಯೇ ಎಂದು ಕೇಳಿದೆ. ಹಬ್ಬದ ರೊಟ್ಟಿ ಬಡಿದದ್ದು, ನಿನ್ನೆಯಿಂದ ರಟ್ಟೆ ಹಿಡಿದುಕೊಂಡಿದೆ ಎಂದು ಅವಳ ನೆಗೆಣ್ಣಿ, ಮೈದುನನ ಹೆಂಡತಿ, ಉತ್ತರ ಕೊಟ್ಟಳು. ಮಹಾದೇವಮ್ಮ ಆ ಸ್ಥಿತಿಯಲ್ಲೂ ನನ್ನನ್ನು ಚುಚ್ಚುವ ಅವಕಾಶ ಬಿಡಲಿಲ್ಲ.

"ಅಕ್ಕೋರ, ನಿಮ್ಮದು ಖಡು ಹಿಡ್ಯೋ ಕೈರಿ. ನಮ್ಮಂಗ ರೊಟ್ಟಿ ಬಡ್ದು ನೋಡ್ರಿ, ರಟ್ಟಿ ಬ್ಯಾನಿ ಅಂದ್ರ ಏನಂತ ತಿಳೀತದ."

ಸುತ್ತ ಕೂತ ಹೆಂಗಸರು ನಕ್ಕರು. ನನ್ನ ಗಂಡ ನಗಲಿಲ್ಲ. ಅವರಿಗೂ ಅರ್ಥವಾಗಿತ್ತು, ರಟ್ಟೆ, ದವಡೆ, ಬೆವರು ಎಂದು ಡಾಕ್ಟರು ವಾರ್ಡಿನಲ್ಲಿ ನನ್ನನ್ನು ವಿಚಾರಿಸಿದ್ದನ್ನೆಲ್ಲ ಅವರು ಎದುರಿಗೇ ನಿಂತು ಕೇಳಿದ್ದರು. ಅವರು ನನ್ನತ್ತ ನೋಡಿ ತಲೆಯನ್ನು ಸಣ್ಣಗೆ ಅಲ್ಲಾಡಿಸಿದರು, ಬೇಡ. ಅತ್ತೆ ನನ್ನ ತೊಡೆಯ ಮೇಲೆ ಕೈ ಇಟ್ಟು ಅಮುಕಿದರು. ಆಚೆ ಬಾವಿಯ ಕಟ್ಟೆಯ ಹತ್ತಿರ ಸುವರ್ಣ, ಆ ಹುಡುಗ ನಿಂತಿದ್ದರು. ಅವನು ಏನೋ ಹೇಳುತ್ತಿದ್ದ, ಇವಳು ಕಡಲೆ ಗಿಡದ ಸುಲಗಾಯಿ ಬಿಡಿಸಿ ಅವನ ಅಂಗೈಗೆ ಹಾಕುತ್ತಿದ್ದಳು. ನಾನು ಬಾಯಿ ಬಿಟ್ಟರೆ ಆ ಕೈ ಅಲ್ಲಿಗೇ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಬಿಡದಿದ್ದರೆ ಏನಾಗುತ್ತದೆ ಎಂದೂ ಗೊತ್ತಿತ್ತು. ಅಷ್ಟು ಜನರಲ್ಲಿ ಅದನ್ನು ಮೈಯಿಂದ ಬಲ್ಲವಳು ನಾನೊಬ್ಬಳೇ.

"ಬೀಗತ್ಯಾರ, ಇದು ರೊಟ್ಟಿ ಬ್ಯಾನಿ ಅಲ್ರಿ, ಎದಿ ಬ್ಯಾನಿ ಅದ," ಅಂದೆ. "ಹ್ವಾದ ವರ್ಷ ಎಳ್ಳ ಅಮಾಸಿಗಿ ನನಗೂ ಹಿಂಗೇ ರಟ್ಟಿಯಿಂದ ಸುರು ಆಗಿತ್ತು. ನನ್ನ ಎದ್ಯಾಗ ಸ್ಟೆಂಟ್ ಹಾಕ್ಯಾರ. ಗಾಡಿ ತಗೀರಿ, ಈಗೇ ಕಲಬುರಗಿಗಿ ನಡೀರಿ."

ಯಾರೂ ಏಳಲಿಲ್ಲ. ಮಹಾದೇವಮ್ಮ ನನ್ನನ್ನೇ ನೋಡುತ್ತಿದ್ದಳು. ಆಗ ಅವಳ ನೆಗೆಣ್ಣಿ, ಕೈಯಲ್ಲಿ ಕಡುಬು ಹಿಡಿದುಕೊಂಡೇ ಕೇಳಿದಳು.

"ಮತ್ತ ಗರ್ಭಕೋಶ ಅಂದಿದ್ರಲ್ರಿ?"

ಒಂದು ಜೀವ ಹೋಗುತ್ತಿರುವಾಗ ಅವಳಿಗೆ ಬೇಕಾದದ್ದು ಅದರ ಲೆಕ್ಕ. ನಾನು ಬಾವಿಯ ಕಡೆ ತಿರುಗಿ ಹುಡುಗನ ಹೆಸರು ಹಿಡಿದು ಕೂಗಿದೆ. ಅವನು ಓಡಿ ಬಂದ, ತಾಯಿಯ ಮುಖ ನೋಡಿದ, ಕಾರು ತಂದ. ದಾರಿಯುದ್ದಕ್ಕೂ ಮಹಾದೇವಮ್ಮನ ತಲೆ ನನ್ನ ಹೆಗಲ ಮೇಲಿತ್ತು. ಅವಳು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒಡೆದು ಚರ್ಮಕ್ಕೆ ಚುಚ್ಚಿತು. ಅದೇ ಆಸ್ಪತ್ರೆ, ಅದೇ ಬೆಂಚು, ಗೋಡೆಗೆ ಒತ್ತಿದ ಅದೇ ಸ್ಟ್ರೆಚರು. ಅವಳ ಕೊರಳಿನ ಲಿಂಗ ತೆಗೆದು ಅಂಗೈಗೆ ಕಟ್ಟಿ ಎಂದು ನಾನೇ ನರ್ಸಿಗೆ ಹೇಳಿದೆ. ಅವಳಿಗೂ ಸ್ಟೆಂಟ್ ಹಾಕಿದರು. ಸರಿಯಾದ ಹೊತ್ತಿಗೆ ತಂದಿರಿ, ಇಲ್ಲವಾದರೆ ಕೈಗೆ ಸಿಗುತ್ತಿರಲಿಲ್ಲ ಎಂದು ಡಾಕ್ಟರು ಹುಡುಗನಿಗೆ ಹೇಳಿದರು. ಅವನು ನನ್ನ ಕಾಲಿಗೆ ನಮಸ್ಕಾರ ಮಾಡಿದ.

ಅವಳು ಮನೆಗೆ ಹೋದ ಮೇಲೆ ಸಂಬಂಧ ಹೇಳಿದ್ದ ಹಿರಿಯರು ನಮ್ಮ ಮನೆಗೆ ಬಂದರು. ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಆ ಮನೆಯವರು ಈ ಸಂಬಂಧ ಬೇಡ ಅನ್ನುತ್ತಿದ್ದಾರೆ ಎಂದರು. ಎದೆಯ ಬ್ಯಾನಿ ಇರುವ ಮನೆತನದ ಹೆಣ್ಣು ತಂದರೆ ಮುಂದೆ ಹುಟ್ಟುವ ಮಕ್ಕಳ ಗತಿಯೇನು ಎಂದು ಮಹಾದೇವಮ್ಮನೇ ಹೇಳಿದ್ದಾಳಂತೆ. ಮುಚ್ಚಿಟ್ಟದ್ದಕ್ಕೆ ಬೇಸರವೂ ಆಗಿದೆಯಂತೆ. ಅವರದೇ ಮನೆಯಲ್ಲಿ ಈಗ ಅದೇ ಬ್ಯಾನಿ ಇದೆಯಲ್ಲ ಎಂದು ನನ್ನ ಗಂಡ ಕೇಳಿದರು. ಅವರು ಗಂಡಿನ ಕಡೆಯವರಲ್ಲವೇ ಎಂದರು ಹಿರಿಯರು. ಕಾಲು ಮುಟ್ಟಿದ್ದ ಹುಡುಗನಿಂದ ಒಂದು ಮಾತೂ ಬರಲಿಲ್ಲ, ಸುವರ್ಣಳ ಫೋನು ಎತ್ತುವುದನ್ನೂ ಅವನು ಬಿಟ್ಟ.

ಹಿರಿಯರು ಹೊಸ್ತಿಲು ದಾಟುವುದನ್ನೇ ಕಾಯುತ್ತಿದ್ದ ಅತ್ತೆ ನನ್ನ ಕಡೆ ತಿರುಗಿದರು.

"ನೀ ಬಾಯಿ ಮುಚ್ಕೊಂಡು ಕುಂತಿದ್ರ ಅಕಿ ಹೋಗ್ತಿದ್ಲು. ಮನ್ಯಾಗ ಸಾವಾಗ್ಯಾದಂತ ಮದುವಿ ಇನ್ನಾ ಜಲ್ದಿ ಮಾಡ್ತಿದ್ರು. ಹುಡುಗಿಗಿ ಅತ್ತಿ ಕಾಟನೂ ಇರ್ತಿರಲಿಲ್ಲ."

ಈ ಮಾತನ್ನು ಒಬ್ಬ ಅತ್ತೆಯ ಬಾಯಿಂದ ಕೇಳಿ ನನಗೆ ನಗು ಬಂತು. ಎದೆ ಹಿಡಿದುಕೊಂಡು ನಕ್ಕೆ. ನನ್ನ ಗಂಡ ಹೆದರಿ ನೀರು ತಂದುಕೊಟ್ಟರು.

ಸುವರ್ಣ ನಗಲಿಲ್ಲ. ನನ್ನ ಜೊತೆ ಜಗಳವನ್ನೂ ಆಡಲಿಲ್ಲ, ಮಾತನ್ನೂ ಆಡಲಿಲ್ಲ. ಬುತ್ತಿ ತಾನೇ ಕಟ್ಟಿಕೊಂಡು ರೈಲಿಗೆ ಹೋಗುತ್ತಿದ್ದಳು, ಬಂದು ಮೂಲೆಯಲ್ಲಿ ಕೂತು ಉಣ್ಣುತ್ತಿದ್ದಳು. ಒಂದು ರವಿವಾರ ನಾನು ಗುಳಿಗೆ ನುಂಗುತ್ತಿದ್ದಾಗ ನೀರಿನ ಲೋಟ ಕೈಗೆ ಕೊಟ್ಟು ನಿಂತಳು.

"ನೀ ಸುಮ್ಮ ಇರಬೇಕಿತ್ತು ಅಂತ ನಾ ಅನ್ನಂಗಿಲ್ಲವ್ವ," ಅಂದಳು. "ಆದರ ಒಳಗ ಹಂಗೇ ಅನ್ನಿಸ್ತದ. ಏನ್ ಮಾಡ್ಲಿ?"

ನನಗೂ ಒಮ್ಮೊಮ್ಮೆ ಹಾಗೇ ಅನ್ನಿಸುತ್ತದೆ ಎಂದು ಹೇಳಲಿಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ, ಅವಳು ಕೂತಳು. ಮಾರನೆಯ ವಾರ ಅವಳೇ ಸಂತೆಯಿಂದ ಮೆಂತ್ಯ, ಪುಂಡಿ, ರಾಜಗಿರಿ ಸೊಪ್ಪು ತಂದಳು, ದವಾಖಾನೆಯ ಗಡಿಗೆಯಿಂದ ತಾನೂ ಬಡಿಸಿಕೊಂಡಳು. ತಾಯಿಗೆ ಬಂದದ್ದು ಮಗಳಿಗೂ ಬರುತ್ತದೆ ಎಂದು ಊರು ಹೇಳುತ್ತಿದೆಯಲ್ಲ, ಬರಲಿ ನೋಡೋಣ ಅನ್ನುವ ಹಟ ಅವಳ ಮುಖದಲ್ಲಿತ್ತು.

ಮುಚ್ಚಿಡಲು ಏನೂ ಉಳಿಯದ ಮೇಲೆ ಹಾಲಿನ ಕ್ಯಾನನ್ನು ಅಟ್ಟಕ್ಕೆ ಎಸೆದೆ. ಈಗ ಬರಿಗೈಯಲ್ಲಿ ನಡೆಯುತ್ತೇನೆ. ಎಲ್ಲಿಗೆ ಎಂದು ಯಾರಾದರೂ ಕೇಳಿದರೆ, ಎಲ್ಲಿಗೂ ಇಲ್ಲ, ಎದೆಗಾಗಿ ನಡೆಯುತ್ತಿದ್ದೇನೆ ಎಂದು ಹೇಳುತ್ತೇನೆ. ಕೇಳಿದವರು ಮೈಲಿಗೆ ತಾಗಿದವರಂತೆ ಸರಿದುಬಿಡುತ್ತಾರೆ. ಶಾಂತಮ್ಮ ಮಾತ್ರ ಒಂದು ದಿನ ನನ್ನನ್ನು ತಡೆದು, ತನ್ನ ರಟ್ಟೆಯನ್ನೂ ಯಾರಿಗಾದರೂ ತೋರಿಸಬೇಕೇನು ಎಂದು ಮೆಲ್ಲಗೆ ಕೇಳಿದಳು. ಕರೆದುಕೊಂಡು ಹೋಗಿ ತೋರಿಸಿದೆ. ಅವಳದು ಬರೀ ರೊಟ್ಟಿಯ ನೋವೇ ಆಗಿತ್ತು. ಅವಳಿಗೆ ಖುಷಿಯಾಯಿತು, ನನಗೂ ಆಯಿತು.

ಮೊನ್ನೆ ಸೇತುವೆಯ ಹತ್ತಿರ ನಡೆಯುತ್ತಿದ್ದಾಗ ಫೋನು ಬಂತು. ಗೊತ್ತಿಲ್ಲದ ನಂಬರು, ಆದರೆ ದನಿ ಗೊತ್ತಿದ್ದದ್ದೇ. ಚಿಂಚೋಳಿಯ ಮಹಾದೇವಮ್ಮ.

"ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಒಂದ್ ಮಾತ್ ಕೇಳೋದಿತ್ತು. ಶೇಂಗಾ ಹಿಂಡಿ ತಿಂದ್ರ ನಡೀತದೇನ್ರಿ?"

ನಾನು ನಡೆಯುವುದನ್ನು ನಿಲ್ಲಿಸಿದೆ. ಕೇಳಲು ಬೇರೆ ಯಾರೂ ಸಿಗಲಿಲ್ಲವೇ ಅಂದೆ.

"ಊರಾಗ ಗರ್ಭಕೋಶ ಹ್ವಾದ ಜಾಗಕ್ಕ ಮತ್ತ ಆಪರೇಶನ್ ಆಗ್ಯಾದ ಅಂತ ಹೇಳೀವ್ರಿ. ನನ್ನ ಮಗಳಿಗಿ ವರ ನೋಡ್ಲಿಕತ್ತೀವಿ. ಬಂದಾಕಿ ಬಂದಾಕಿ ಅಂಟಿನುಂಡಿ ತರ್ಲಿಕತ್ತಾಳ. ನೀವು ಯಾರ ಮುಂದನೂ ಅನಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳ್ತೀನಿ."

ಆ ಕಡೆ ಸಂಬಂಧ ಕೂಡಿಸುವ ಬೇರೆಯವರ ನಂಬರುಗಳು ನನ್ನ ಫೋನಿನಲ್ಲೇ ಇದ್ದವು. ಒಂದು ಮಾತು ಸಾಕಿತ್ತು. ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡು ಅದರ ರುಚಿ ನೋಡಿದೆ, ಹಿಂಡಿ, ಉಪ್ಪಿನಕಾಯಿ ಬಿಟ್ಟ ನಾಲಿಗೆಗೆ ಅದು ಬಹಳ ರುಚಿಯಾಗಿತ್ತು. ಅವಳ ಮಗಳನ್ನು ನಾನು ಹೊಲದಲ್ಲಿ ನೋಡಿದ್ದೆ, ನನ್ನ ತಟ್ಟೆಗೆ ಮೊಸರು ಬಡಿಸಿದ್ದಳು.

ಹಿಂಡಿ ಬಿಡಿ, ಉಪ್ಪಿನಕಾಯಿ ಬಿಡಿ, ಉಂಡೆಗಳನ್ನು ಬಂದವರ ಕಣ್ಣು ತಪ್ಪಿಸಿ ಆಳಿಗೆ ಕೊಡಿ, ಗುಳಿಗೆ ಒಂದು ದಿನವೂ ತಪ್ಪಿಸಬೇಡಿ ಎಂದು ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ. ಅವಳು ಪ್ರತಿ ಮಾತಿಗೂ ಹೂಂ ಅಂದಳು.

"ದಿನಾ ಮುಂಜಾನಿ ನಡೀರಿ," ಅಂದೆ. "ಖರೆ, ಬರಿಗೈಲೆ ಹೋಗಬ್ಯಾಡ್ರಿ, ಮಂದಿ ಕೇಳ್ತಾರ. ಕೈಯಾಗ ಒಂದ್ ಹಾಲಿನ ಕ್ಯಾನ್ ಹಿಡ್ಕೊರಿ."

"ಖಾಲಿದೇ ಹಿಡ್ಕೊಳ್ಳೋದೇನ್ರಿ?"

"ಖಾಲಿದೇ," ಎಂದು ಹೇಳಿ ಫೋನು ಇಟ್ಟೆ.